ಮಾರನೆಯ ದಿನ ಹೆಣ ಸುಟ್ಟವರು ಯಾರು?

(ವಿದ್ಯಾರ್ಥಿ ನಿಲಯವೊಂದರ ಅಧ್ಯಯನ ಕೂಟದಲ್ಲಿ ಆಡಿದ ಮಾತುಗಳು. ಬರೆದುಕೊಂಡವರು ಕೊಟ್ಟದ್ದನ್ನು ಅಷ್ಟಿಷ್ಟು ತಿದ್ದಿ ಅಚ್ಚು ಮಾಡಿದ್ದೇವೆ.)

ಗೆಳೆಯರೆ, ತಮ್ಮಂದಿರೆ, ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಂದಿರುವ ತಂಗಿಯರೆ,

ನೀವು ನಮ್ಮನ್ನು ಕರೆದದ್ದು ಮೀಸಲಾತಿ ಬಗ್ಗೆ ಮಾತಾಡಿ ಅಂತ. ನಾವೂ ಅದಕ್ಕೇ ತಯಾರಾಗಿ ಬಂದೆವು. ಆದರೆ ಸಂಜೆ ನಾವು ಬಂದಾಗ ಊಟದ ಹಾಲಿನಲ್ಲಿ ಜಗಳ ನಡೀತಿತ್ತು. ಹಾಸ್ಟೆಲ್ ಡೇಗೆ ಯಾವ ನಾಟಕ ಆಡೋದು ಅಂತ. ಯಾರೋ ‘ಸತ್ಯ ಹರಿಶ್ಚಂದ್ರ’ ಅಂದರು, ಒಪ್ಪಿಗೆ ಆಯ್ತು. ಹರಿಶ್ಚಂದ್ರನ ಪಾತ್ರಕ್ಕೆ ನಾಲ್ಕು ಜನ ಕೈ ಎತ್ತಿದರು. ವಿಶ್ವಾಮಿತ್ರನಿಗೆ ಮೂರು ಜನ. ನಕ್ಷತ್ರಿಕನಿಗೆ ಹಿಂದಿನ ಸಾಲು ಪೂರ್ತಿ. ವೀರಬಾಹು ಯಾರು ಅಂದಾಗ ಎಲ್ಲರೂ ನಕ್ಕರು. ಒಬ್ಬ ಇನ್ನೊಬ್ಬನ ಕಡೆ ಬೆರಳು ಮಾಡಿದ. ಬೆರಳು ಮಾಡಿಸಿಕೊಂಡವನು ‘ನಿಮ್ಮಪ್ಪನ್ನ ಕರ್ಕೊಂಡ್ ಬಾರ್ಲಾ, ಅವನು ಚೆನ್ನಾಗಿ ಮಾಡ್ತಾನೆ’ ಅಂದ. ಕೈ ಕೈ ಮಿಲಾಯಿಸೋ ಹೊತ್ತಿಗೆ ವಾರ್ಡನ್ನರು ಬಂದು ಬಿಡಿಸಿದರು.

ಆದ್ದರಿಂದ ಮೀಸಲಾತಿ ವಿಷಯ ಮುಂದಿನ ಸಲ. ಇವತ್ತು ಈ ಜಗಳದ ಬಗ್ಗೆಯೇ ಮಾತಾಡೋಣ ಅಂತ ಇದ್ದೇವೆ. ಯಾಕೆಂದರೆ ಈ ಜಗಳ ನಮಗೆ ಹೊಸದಲ್ಲ. ಇದು ಐವತ್ತು ವರ್ಷದಿಂದ ನಮ್ಮ ಹೊಟ್ಟೆಯೊಳಗೆ ಇರುವ ಜಗಳ.

ನಮ್ಮ ಚಿಕ್ಕಂದಿನಲ್ಲಿ ಸುಗ್ಗಿ ಮುಗಿದ ಮೇಲೆ ಹೋಬಳಿ ಊರಿಗೆ ಟೆಂಟು ಸಿನಿಮಾ ಬರೋದು. ನಮ್ಮೂರಿಂದ ಎರಡು ಮೈಲಿ. ಗಾಡಿಗೆ ಮೈಕು ಕಟ್ಟಿಕೊಂಡು, ಸಂಸಾರ ಸಮೇತ ನೋಡಬೇಕಾದ ಚಿತ್ರ, ನೋಡಿ ಆನಂದಿಸಿ ಅಂತ ಕೂಗಿಕೊಂಡು ಹೋಗೋರು. ನಮ್ಮದೂ ಸಂಸಾರವೇ ಅಲ್ಲವಾ? ನಾವೂ ಹೊರಟೆವು. ಊರಿನವರು ಗಾಡಿ ಕಟ್ಟಿ, ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿಕೊಂಡು ಹೋಗೋರು. ಅಪ್ಪ, ಅವ್ವ, ಅಜ್ಜಿ, ನಾವು ಮಕ್ಕಳು ಗಾಡಿಗಳ ಹಿಂದೆ ಧೂಳು ಕುಡಿಯುತ್ತಾ ನಡೆಯೋದು. ಸೆರಗಿನಲ್ಲಿ ಹುರಿದ ಕಡಲೆಕಾಯಿ. ಅದರಷ್ಟು ಸುಖದ ನಡಿಗೆ ಮತ್ತೆ ಸಿಕ್ಕಲಿಲ್ಲ, ಅದನ್ನೂ ಹೇಳಬೇಕು.

ಟಿಕೀಟು ಕೊಡೋ ಕಿಂಡಿಗೆ ಜಾತಿ ಇರಲಿಲ್ಲ, ಅದು ದುಡ್ಡು ನೋಡೋದು. ಒಳಗೆ ಹೋದಮೇಲೆ ನೆಲಕ್ಕೆ ಜಾತಿ ಇತ್ತು. ಬೋರ್ಡು ಹಾಕಿರಲಿಲ್ಲ, ಹಗ್ಗ ಕಟ್ಟಿರಲಿಲ್ಲ. ಆದರೂ ನಮ್ಮ ಕೇರಿಯವರು ಪರದೆಯ ಬುಡಕ್ಕೆ ಎಡಗಡೆ ಮೂಲೆಗೇ ಹೋಗಿ ಕೂರೋರು. ಅಲ್ಲಿಂದ ರಾಜಕುಮಾರ್ ಮುಖ ಓರೆಯಾಗಿ ಉದ್ದುದ್ದ ಕಾಣೋದು. ರಾಜಕುಮಾರರ ಮುಖ ನೇರವಾಗಿ ಹೇಗಿದೆ ಅಂತ ನಾವು ನೋಡಿದ್ದು ಹೈಸ್ಕೂಲಿಗೆ ಹೋದಮೇಲೆ, ಕ್ಯಾಲೆಂಡರಿನಲ್ಲಿ.

ಅವತ್ತಿನ ಚಿತ್ರ ‘ಸತ್ಯ ಹರಿಶ್ಚಂದ್ರ’. 1965ರದು. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ ಮಾಡಿದ್ದು. ರಾಜಕುಮಾರ್, ಪಂಡರೀಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್. ನಮ್ಮ ಕಡೆಯ ಟೆಂಟಿಗೆ ಬರೋ ಹೊತ್ತಿಗೆ ಎಷ್ಟೋ ವರ್ಷ ಆಗಿ ರೀಲಿನ ಮೇಲೆ ಮಳೆ ಸುರಿಯೋದು. ರಾಜ್ಯ ಹೋಯ್ತು, ಕಾಡು ಬಂತು. ಕಾಶಿಯ ಬೀದಿಯಲ್ಲಿ ಹೆಂಡತಿ ಮಗನನ್ನು ಮಾರಿದ, ಟೆಂಟೆಲ್ಲಾ ಮೂಗು ಸೀಟಿತು. ಆಮೇಲೆ ವೀರಬಾಹು ಬಂದ. ಎಂ.ಪಿ. ಶಂಕರ್, ಪೈಲ್ವಾನ್ ಮೈಯಿನ ಆಳು. ಸುಡುಗಾಡಿನ ಒಡೆಯ. ನಮ್ಮ ಹಿಂದೆ ಕೂತಿದ್ದವರು ಯಾರೋ ‘ಬಂದ್ನಲ್ಲಪ್ಪ ಕುಳವಾಡಿ’ ಅಂದರು. ನಗು ಎದ್ದಿತು. ನಾವೂ ನಕ್ಕೆವು. ಮಕ್ಕಳಲ್ಲವಾ, ಎಲ್ಲರೂ ನಕ್ಕರೆ ನಗು ಬರುತ್ತೆ.

ಆಮೇಲೆ ರಾಜ ಕೋಲು ಹಿಡಿದು ಸುಡುಗಾಡು ಕಾಯೋಕೆ ನಿಂತ. ಆಗ ನೋಡಿ, ನಕ್ಕ ಜನವೇ ಅಳೋಕೆ ಶುರು ಮಾಡಿದರು. ಅಯ್ಯೋ ಎಂಥಾ ರಾಜ, ಎಂಥಾ ಗತಿ ಬಂತಪ್ಪ ದೇವರೇ, ಹೊಲೆಯನ ಮನೆ ಆಳಾದನಲ್ಲಪ್ಪ! ಬೆಂಚಿನ ಮೇಲೆ ಕೂತಿದ್ದ ಯಜಮಾನರೂ ಟವೆಲಿನಲ್ಲಿ ಕಣ್ಣು ಒರೆಸಿಕೊಂಡರು. ನಮ್ಮ ಅಜ್ಜಿಯೂ ಅಳ್ತಿದ್ದಳು. ನಾವು ತಿರುಗಿ ಅಪ್ಪನ ಮುಖ ನೋಡಿದೆವು. ಆ ವಾರವೇ ಅಪ್ಪ ಊರಿನ ಒಂದು ಹೆಣಕ್ಕೆ ಗುಂಡಿ ತೋಡಿದ್ದ. ಅಂಗೈಯ ಗುಳ್ಳೆ ಇನ್ನೂ ಒಣಗಿರಲಿಲ್ಲ. ಅಪ್ಪ ಅಳಲಿಲ್ಲ, ನಗಲೂ ಇಲ್ಲ. ಕಡಲೆಕಾಯಿ ಸಿಪ್ಪೆ ಬಿಡಿಸ್ತಿದ್ದವನು ಬಿಡಿಸೋದನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದ.

ಹೊಟ್ಟೆಯಲ್ಲಿ ಏನೋ ಕಲಸಿದಂಗಾಯ್ತು. ಅದಕ್ಕೆ ಹೆಸರು ಗೊತ್ತಿರಲಿಲ್ಲ. ವಾಪಸ್ ಬರ್ತಾ ಕತ್ತಲಲ್ಲಿ ಕೇಳಿದೆವು.

‘ಅಪ್ಪೋ, ಆ ರಾಜ ಮಾಡಿದ್ದು ನೀನು ಮಾಡೋ ಕೆಲಸನೇ ಅಲ್ವಾ?’

‘ಹೂಂ ಕಣ.’

‘ಮತ್ತೆ ಅವನನ್ನ ನೋಡಿ ಎಲ್ರೂ ಅತ್ರಲ್ಲ. ನೀನು ಗುಂಡಿ ತೋಡುವಾಗ ಹೆಣ ನೋಡ್ಕೊಂಡು ಅಳ್ತಾರೆ, ನಿನ್ನ ನೋಡ್ಕೊಂಡು ಯಾರೂ ಅಳಲ್ವಲ್ಲ?’

‘ಅವನು ರಾಜ ಕಣ್ಲಾ. ನಾವು ಅದಕ್ಕೇ ಹುಟ್ಟಿರೋರು.’

ಅವ್ವ ‘ಸುಮ್ನೆ ನಡೀರ್ಲಾ, ರಾತ್ರಿ ಹೊತ್ನಲ್ಲಿ ಸುಡುಗಾಡಿನ ಮಾತು’ ಅಂತ ಗದರಿಸಿದಳು. ಮಾತು ಅಲ್ಲಿಗೆ ನಿಂತಿತು. ಆದರೆ ಹುಡುಗರ ತಲೆಯಲ್ಲಿ ನಿಲ್ಲಲಿಲ್ಲ. ಮಾರನೇ ದಿನ ಇಸ್ಕೂಲಿನಲ್ಲಿ ನಮ್ಮನ್ನು ಊರಿನ ಹುಡುಗರು ‘ವೀರಬಾಹು ಮಕ್ಕಳು’ ಅಂತ ಕರೆದರು. ಅಲ್ಲಿವರೆಗೆ ನಮ್ಮನ್ನು ಕರೆಯೋಕೆ ಅವರಿಗೆ ಜಾತಿಯ ಹೆಸರು ಮಾತ್ರ ಇತ್ತು. ಸಿನಿಮಾ ಬಂದಮೇಲೆ ಎರಡು ಹೆಸರಾಯ್ತು.

ಗೆಳೆಯರೆ, ನ್ಯಾಯವಾಗಿ ಮಾತಾಡಬೇಕು. ಆ ಚಿತ್ರದಲ್ಲೇ ಕುಲದಲ್ಲಿ ಕೀಳು ಯಾವುದು ಅಂತ ಕೇಳುವ ಹಾಡು ವೀರಬಾಹುವಿನ ಬಾಯಲ್ಲಿದೆ. ಘಂಟಸಾಲ ಹಾಡಿದ್ದು. ನಮ್ಮ ಕೇರಿಯ ಮದುವೆಗಳಲ್ಲಿ ಮೈಕಿನವನ ಹತ್ತಿರ ಇದ್ದ ನಾಲ್ಕು ತಟ್ಟೆಯಲ್ಲಿ ಅದೂ ಒಂದು. ಊರಿನವರೂ ಆ ಹಾಡಿಗೆ ತಲೆ ತೂಗೋರು. ತಲೆ ತೂಗಿ ಎದ್ದು ಹೋಗಿ, ಹೋಟೆಲಿನಲ್ಲಿ ನಮಗೆ ತೆಂಗಿನ ಚಿಪ್ಪಿನಲ್ಲೇ ಟೀ ಹುಯ್ಯೋರು. ಹಾಡು ತಪ್ಪಲ್ಲ. ಹಾಡಿಗೆ ಆ ಚಿಪ್ಪನ್ನು ಒಡೆಯೋ ಶಕ್ತಿ ಇರಲಿಲ್ಲ, ಅಷ್ಟೆ.

ಇನ್ನೊಂದು ಸಂಗತಿ. ನಾವು ಮಿಡ್ಲ್ ಸ್ಕೂಲಿನಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಇದೇ ನಾಟಕದ ಸುಡುಗಾಡಿನ ದೃಶ್ಯ ಆಡಿಸಿದರು. ಯಾವ ಊರು, ಯಾವ ಶಾಲೆ ಅಂತ ಬೇಡ. ಗೌಡರ ಮನೆ ಹುಡುಗ ಹರಿಶ್ಚಂದ್ರ. ವೀರಬಾಹು ಯಾರಪ್ಪ ಅಂದರೆ, ಕೇಳಬೇಕಾ, ನಮ್ಮ ದೊಡ್ಡಪ್ಪನ ಮಗ. ಅವನಿಗೋ ಖುಷಿಯೋ ಖುಷಿ. ಮೇಷ್ಟ್ರು ಪಾತ್ರ ಕೊಟ್ಟಿದ್ದಾರೆ, ಅದೂ ಒಡೆಯನ ಪಾತ್ರ! ಹದಿನೈದು ದಿನ ದನ ಕಾಯ್ತಾ ಕಾಯ್ತಾ ಮಾತು ಬಾಯಿಪಾಠ ಮಾಡಿದ. ನಾಟಕದಲ್ಲಿ ರಾಜ ಬಂದು ವೀರಬಾಹುವಿನ ಕಾಲು ಮುಟ್ಟಿ ‘ಒಡೆಯಾ’ ಅನ್ನಬೇಕು. ಈ ಸುದ್ದಿ ಗೌಡರ ಮನೆಗೆ ಹೋಯ್ತು. ಹುಡುಗನ ತಾತ ಶಾಲೆಗೇ ಬಂದರು. ‘ಆಟಕ್ಕೇ ಆಗ್ಲಿ ಮೇಷ್ಟ್ರೆ, ನಮ್ಮ ಹುಡುಗ ಹೋಗಿ ಅವನ ಕಾಲು ಮುಟ್ಟೋದುಂಟಾ?’

ಮೇಷ್ಟ್ರು ಕೆಟ್ಟವರಲ್ಲ. ನಾಟಕ ನಿಲ್ಲಿಸಲೂ ಮನಸ್ಸಿಲ್ಲ, ಗೌಡರನ್ನು ಎದುರು ಹಾಕಿಕೊಳ್ಳಲೂ ಧೈರ್ಯ ಇಲ್ಲ. ಒಂದು ಉಪಾಯ ಮಾಡಿದರು. ವೀರಬಾಹು ಪರದೆ ಹಿಂದೆ ನಿಂತು ಮಾತಾಡೋದು. ರಾಜ ಬಯಲಿಗೆ ನಿಂತು ಆಕಾಶದ ಕಡೆ ಕೈಮುಗಿಯೋದು. ಜನಕ್ಕೆ ಅರ್ಥ ಆಗುತ್ತೆ ಬಿಡು ಅಂದರು.

ನಾಟಕದ ರಾತ್ರಿ ನಾವು ಕೆಲವರು ಪರದೆಯ ಹಿಂದುಗಡೆ ಇದ್ದೆವು. ನಮ್ಮ ದೊಡ್ಡಪ್ಪನ ಮಗ ಯಾರಿಗೂ ಕಾಣಿಸೋಲ್ಲ ಅಂತ ಗೊತ್ತಿದ್ದೂ ಮುಖಕ್ಕೆ ಬಣ್ಣ ಹಚ್ಚಿಕೊಂಡಿದ್ದ. ಕಾಡಿಗೆಯಲ್ಲಿ ಮೀಸೆ ಬರೆದುಕೊಂಡಿದ್ದ. ಅವರಪ್ಪನ ಕಂಬಳಿ ಹೊದ್ದು, ಕತ್ತಲಲ್ಲಿ ನಿಂತು, ಬಟ್ಟೆಯ ಕಡೆ ಮುಖ ಮಾಡಿ, ಕೈ ಎತ್ತಿ ಎತ್ತಿ ಅಬ್ಬರಿಸಿದ. ಒಂದು ಮಾತೂ ತಪ್ಪಲಿಲ್ಲ. ಆಚೆ ಕಡೆ ಚಪ್ಪಾಳೆ ಬಿತ್ತು. ಯಾರಿಗೆ ಬಿತ್ತೋ. ಅವನು ಆ ವರ್ಷವೇ ಶಾಲೆ ಬಿಟ್ಟ. ಅದಕ್ಕೆ ಈ ನಾಟಕವೇ ಕಾರಣ ಅಂತ ಹೇಳೋದಿಲ್ಲ, ಮನೆಯ ಕಷ್ಟವೂ ಇತ್ತು. ಆದರೆ ಅವನು ಮತ್ತೆ ಯಾವತ್ತೂ ಟೆಂಟಿನ ಕಡೆ ಬರಲಿಲ್ಲ.

ಮುಂದೆ ನಾವು ನಿಮ್ಮ ಹಾಗೇ ಹಾಸ್ಟೆಲು ಸೇರಿದೆವು. ಕನ್ನಡ ಪಾಠದಲ್ಲಿ ರಾಘವಾಂಕ ಬಂದ. ಹದಿಮೂರನೇ ಶತಮಾನದ ಕವಿ, ಹರಿಹರನ ಸೋದರಳಿಯ, ಹಂಪೆಯವನು. ಪಾಠಕ್ಕೆ ಇಟ್ಟಿದ್ದು ಚಂದ್ರಮತಿ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಅಳುವ ಭಾಗ. ಅದನ್ನು ಓದಿದರೆ ಈಗಲೂ ಗಂಟಲು ಕಟ್ಟುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಠದಲ್ಲಿ ಇಲ್ಲದ ಒಂದು ಭಾಗವನ್ನು ಲೈಬ್ರರಿಯ ಪುಸ್ತಕದಲ್ಲಿ ಓದಿದೆವು. ಓದಿ ಬೆಚ್ಚಿದೆವು. ನೀವೂ ಹೋಗಿ ಓದಬೇಕು. ನಡುಗನ್ನಡ ಕಷ್ಟ ಅಂತ ಹೆದರಬೇಡಿ, ಅರ್ಥ ಕೊಟ್ಟಿರುವ ಪುಸ್ತಕಗಳಿವೆ.

ಕತೆ ಹೀಗಿದೆ. ಹರಿಶ್ಚಂದ್ರ ಬೇಟೆಗೆ ಹೋಗಿದ್ದಾನೆ. ಅವನನ್ನು ಕೆಡಿಸಬೇಕು ಅಂತ ವಿಶ್ವಾಮಿತ್ರ ಇಬ್ಬರು ಹುಡುಗಿಯರನ್ನು ಸೃಷ್ಟಿ ಮಾಡಿ ಕಳಿಸ್ತಾನೆ. ಅವರು ಅನಾಮಿಕರು. ಅನಾಮಿಕ ಅಂದರೆ ಹೆಸರಿಲ್ಲದವರು, ಅಂದರೆ ನಾವು. ಹೊಲತಿಯರು. ಬಂದು ರಾಜನ ಮುಂದೆ ಹಾಡ್ತಾರೆ. ರಾಜ ಮೆಚ್ಚಿ ಒಡವೆ ಕೊಡ್ತಾನೆ. ಅವರು ಒಡವೆ ಬೇಡ, ನಿನ್ನ ಸತ್ತಿಗೆ ಕೊಡು ಅಂತಾರೆ. ಸತ್ತಿಗೆ ಅಂದರೆ ರಾಜ್ಯದ ಗುರುತು, ಕೊಡೋಕಾಗಲ್ಲ ಅಂತಾನೆ. ಹಾಗಾದರೆ ನಮ್ಮನ್ನು ಮದುವೆ ಆಗು ಅಂತಾರೆ. ರಾಜನಿಗೆ ಸಿಟ್ಟು ನೆತ್ತಿಗೇರುತ್ತೆ. ಕುಲ ಎಲ್ಲಿ, ಹೊಲತಿಯರೆಲ್ಲಿ!

ಆಗ ಆ ಹುಡುಗಿಯರು ವಾದಕ್ಕೆ ನಿಲ್ತಾರೆ. ನಮ್ಮ ಹಾಡು ಕೇಳಿದೆ, ನಿನ್ನ ಕಿವಿಗೆ ಮೈಲಿಗೆ ಆಗಲಿಲ್ಲ. ನಮ್ಮ ರೂಪ ನೋಡಿದೆ, ಕಣ್ಣಿಗೆ ಆಗಲಿಲ್ಲ. ನಮ್ಮ ಜೊತೆ ಮಾತಾಡಿದೆ, ಬಾಯಿಗೆ ಆಗಲಿಲ್ಲ. ನಮ್ಮ ಮೈಯ ಗಾಳಿ ಮೂಗಿಗೆ ಬಂತು, ಅದಕ್ಕೂ ಆಗಲಿಲ್ಲ. ಇಷ್ಟಕ್ಕೂ ಇಲ್ಲದ ಮೈಲಿಗೆ ಮುಟ್ಟೋದಕ್ಕೆ ಮಾತ್ರ ಎಲ್ಲಿಂದ ಬಂತು? ಇದು ಅವರ ವಾದದ ಸಾರ, ನಮ್ಮ ಮಾತಿನಲ್ಲಿ ಹೇಳ್ತಿದ್ದೇವೆ. ರಾಜನ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲದವನು ಏನು ಮಾಡ್ತಾನೆ? ನಮ್ಮೂರಿನಲ್ಲಿ ಏನು ಮಾಡ್ತಾರೋ ಅದನ್ನೇ ಮಾಡ್ತಾನೆ. ಹೊಡೆದು ಓಡಿಸ್ತಾನೆ.

ವಿಶ್ವಾಮಿತ್ರ ಬಂದು ಕೂಗಾಡ್ತಾನೆ. ಇವರನ್ನು ಮದುವೆ ಆಗು, ಇಲ್ಲವೇ ರಾಜ್ಯ ಬಿಡು. ಹರಿಶ್ಚಂದ್ರ ರಾಜ್ಯ ಬಿಡ್ತಾನೆ! ತಮ್ಮಂದಿರೆ, ಇದನ್ನು ನಿಧಾನವಾಗಿ ಯೋಚನೆ ಮಾಡಿ. ಸತ್ಯಕ್ಕಾಗಿ ರಾಜ್ಯ ಬಿಟ್ಟ ಅಂತ ನಮಗೆ ಹೇಳಿಕೊಟ್ಟರು. ಕೊಟ್ಟ ಮಾತಿಗೆ ತಪ್ಪಲಿಲ್ಲ ಅನ್ನೋದು ನಿಜ. ಆದರೆ ಮಾತು ಕೊಡುವ ಪ್ರಸಂಗ ಬಂದದ್ದೇ ಯಾಕೆ? ಹೊಲತಿಯನ್ನು ಮುಟ್ಟೋದಕ್ಕಿಂತ ಸಿಂಹಾಸನ ಹೋಗೋದು ವಾಸಿ ಅಂತ. ಕೊನೆಗೆ ಏನಾಯ್ತು? ಹೆಂಡತಿಯಾಗಿ ಬೇಡ ಅಂದವರ ಜಾತಿಯವನನ್ನೇ ಒಡೆಯ ಅನ್ನಬೇಕಾಯ್ತು. ಟೆಂಟಿನಲ್ಲಿ ಅತ್ತವರಿಗೆ ಇದು ದುಃಖ. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಇದನ್ನು ಓದಿದ ನಮಗೆ, ಸುಳ್ಳು ಯಾಕೆ ಹೇಳಬೇಕು, ಸ್ವಲ್ಪ ನಗು ಬಂತು.

ರಾಘವಾಂಕನನ್ನು ಬೈಯೋಕೆ ಇದನ್ನು ಹೇಳ್ತಿಲ್ಲ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಏನಾಯ್ತು ಅಂತ ನಿಮಗೆ ಹಿರಿಯರು ಹೇಳಿರಬೇಕು. ರಾಜ್ಯವೇ ಹೊತ್ತಿಕೊಂಡಿತು, ಅವರು ಮಂತ್ರಿ ಪದವಿ ಬಿಡಬೇಕಾಯ್ತು. ನಾವು ಬೂಸಾ ಪಕ್ಷದವರೇ. ಆದರೆ ಬೂಸಾದಲ್ಲೂ ಕೈಯಾಡಿಸಿದರೆ ಕಾಳು ಸಿಗುತ್ತೆ. ಆ ಇಬ್ಬರು ಹುಡುಗಿಯರ ಬಾಯಿಗೆ ಅಷ್ಟು ಗಟ್ಟಿ ವಾದ ಕೊಟ್ಟವನು ರಾಘವಾಂಕನೇ. ಎಂಟುನೂರು ವರ್ಷದ ಹಿಂದೆ ಕೊಟ್ಟ. ವಾದದಲ್ಲಿ ಗೆಲ್ಲಿಸಿ, ಕತೆಯಲ್ಲಿ ಸೋಲಿಸಿದ.

ವೀರಬಾಹುವಿನ ವಿಷಯ ಇನ್ನೂ ಬಾಕಿ ಇದೆ. ಈ ಕತೆ ಮಾರ್ಕಂಡೇಯ ಪುರಾಣದಲ್ಲೂ ಇದೆ. ಅಲ್ಲಿ ಕೊನೆಗೆ ಗೊತ್ತಾಗುತ್ತೆ, ರಾಜನನ್ನು ಕೊಂಡುಕೊಂಡ ಚಾಂಡಾಲ ಚಾಂಡಾಲನೇ ಅಲ್ಲ, ವೇಷ ಹಾಕಿಕೊಂಡು ಬಂದ ಧರ್ಮದೇವತೆ! ಗೊತ್ತಾಯ್ತಾ? ಕತೆಯಲ್ಲೂ, ಬರೀ ಕಟ್ಟುಕತೆಯಲ್ಲೂ, ನಿಜವಾದ ಹೊಲೆಯನೊಬ್ಬ ಕ್ಷತ್ರಿಯನಿಗೆ ಒಡೆಯ ಆಗೋದನ್ನು ಅವರಿಗೆ ಸಹಿಸೋಕೆ ಆಗಲಿಲ್ಲ. ನಮ್ಮ ಶಾಲೆಯ ಪರದೆ ಮೇಷ್ಟ್ರು ಕಟ್ಟಿದ್ದಲ್ಲ. ಪುರಾಣ ಬರೆದವರೇ ಮೊದಲು ಕಟ್ಟಿದ್ದು.

ಇನ್ನೂ ಹಳೆಯದು ಐತರೇಯ ಬ್ರಾಹ್ಮಣ. ಅಲ್ಲಿಯ ಹರಿಶ್ಚಂದ್ರ ಬೇರೆ ಥರ. ಮಗ ಹುಟ್ಟಿದರೆ ಅವನನ್ನೇ ಬಲಿ ಕೊಡ್ತೀನಿ ಅಂತ ವರುಣನಿಗೆ ಹರಕೆ ಹೊತ್ತು, ಮಗ ಹುಟ್ಟಿದ ಮೇಲೆ ಇವತ್ತು ನಾಳೆ ಅಂತ ಮುಂದೂಡ್ತಾನೆ. ಕೊನೆಗೆ ಆ ಮಗ ರೋಹಿತನೇ ಕಾಡಿನಲ್ಲಿ ಹಸಿದು ಕೂತಿದ್ದ ಒಬ್ಬ ಬಡ ಬ್ರಾಹ್ಮಣನ ಮಗ ಶುನಃಶೇಪನನ್ನು ನೂರು ಹಸು ಕೊಟ್ಟು ತನ್ನ ಬದಲಿಗೆ ಕೊಂಡು ತರ್ತಾನೆ. ಹುಡುಗ ಹೇಗೋ ಬದುಕಿಕೊಳ್ತಾನೆ. ಈ ಕತೆಯನ್ನು ಸಂಸಾರ ಸಮೇತ ನೋಡಿ ಅಂತ ಯಾರೂ ಮೈಕಿನಲ್ಲಿ ಕೂಗಲಿಲ್ಲ.

ಕೂಗಿದ್ದು ಎಲ್ಲಾ ಆ ಅಳುವ ಕತೆಯನ್ನೇ. ಎಷ್ಟು ಸಲ! ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’, 1913ರ ಮೇ 3ರಂದು ಬೊಂಬಾಯಿಯಲ್ಲಿ ಬಿಡುಗಡೆ ಆದದ್ದು. ಈ ದೇಶದ ಪೂರ್ಣ ಪ್ರಮಾಣದ ಮೊದಲ ಕಥಾಚಿತ್ರ ಅದೇ. ಹೆಂಗಸರು ಯಾರೂ ಬಣ್ಣ ಹಚ್ಚಲು ಒಪ್ಪದೆ ರಾಣಿಯ ಪಾತ್ರವನ್ನು ಸಾಳುಂಕೆ ಅನ್ನುವ ಗಂಡಸು ಮಾಡಿದರು. (ತಂಗಿಯರು ನಗ್ತಿದ್ದಾರೆ. ಚಂದ್ರಮತಿ ಪಾತ್ರಕ್ಕೆ ಇಲ್ಲಿ ಆ ಕಷ್ಟ ಇಲ್ಲ ಅಂತ ಕಾಣುತ್ತೆ.) ಕನ್ನಡದಲ್ಲಿ 1943ರಲ್ಲಿ ಬಂತು. ಮರು ವರ್ಷ ಅದನ್ನೇ ತಮಿಳಿಗೆ ಡಬ್ ಮಾಡಿದರು. 1965ರಲ್ಲಿ ಕನ್ನಡ, ತೆಲುಗು ಎರಡರಲ್ಲೂ ಮತ್ತೆ ಬಂತು. ಆ ಕನ್ನಡ ಚಿತ್ರಕ್ಕೆ ಬಣ್ಣ ತುಂಬಿ 2008ರಲ್ಲಿ ಇನ್ನೊಮ್ಮೆ ಬಿಟ್ಟರು. ಬಣ್ಣದಲ್ಲಿ ಸುಡುಗಾಡೂ ಚೆನ್ನಾಗಿ ಕಂಡಿತು.

ಗಾಂಧಿಯವರು ಹುಡುಗರಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ, ಮತ್ತೆ ಮತ್ತೆ ನೆನೆಸಿಕೊಂಡು ಅತ್ತದ್ದನ್ನು ಆತ್ಮಕತೆಯಲ್ಲಿ ಬರೆದಿದ್ದಾರೆ. ಎಲ್ಲರೂ ಯಾಕೆ ಹರಿಶ್ಚಂದ್ರನ ಹಾಗೆ ಸತ್ಯವಂತರಾಗಬಾರದು ಅನ್ನೋದು ಆ ಹುಡುಗನ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಟೆಂಟಿನ ಎಡಮೂಲೆಯಲ್ಲಿ ಕೂತ ಹುಡುಗರಿಗೆ ಬಂದ ಪ್ರಶ್ನೆ ಬೇರೆ. ಒಂದೇ ಆಟ, ಕೂತ ಜಾಗ ಬೇರೆ.

ಅಂಬೇಡ್ಕರರ ಮನೆಯಲ್ಲೂ ಇಂಥದೇ ನಡೆಯಿತು. ಅವರ ತಂದೆ ರಾಮಜಿ ಮಕ್ಕಳನ್ನು ಕೂರಿಸಿಕೊಂಡು ರಾಮಾಯಣ ಮಹಾಭಾರತ ಓದಿಸ್ತಿದ್ದರು. ನಮ್ಮಂಥ ಅಸ್ಪೃಶ್ಯರಿಗೆ ಇದನ್ನು ಯಾಕೆ ಓದಿಸ್ತೀಯ ಅಂತ ಬಾಲಕ ಭೀಮ ಕೇಳಿದ. ಓದಿದರೆ ನಿನಗೆ ಕೀಳರಿಮೆ ಹೋಗುತ್ತೆ, ದ್ರೋಣ ಕರ್ಣರು ಎಲ್ಲಿಂದ ಎಲ್ಲಿಗೆ ಏರಿದರು ನೋಡು ಅಂದರು ತಂದೆ. ಹುಡುಗನಿಗೆ ಅದು ಸರಿ ಅನ್ನಿಸಲಿಲ್ಲ. ಭೀಷ್ಮನೂ ಇಷ್ಟ ಇಲ್ಲ, ದ್ರೋಣನೂ ಇಷ್ಟ ಇಲ್ಲ, ಕೃಷ್ಣನೂ ಇಷ್ಟ ಇಲ್ಲ ಅಂತ ಮುಖಕ್ಕೇ ಹೇಳಿದ. ತಂದೆ ಸುಮ್ಮನಾದರು. ‘ಬುದ್ಧ ಮತ್ತು ಆತನ ಧಮ್ಮ’ ಪುಸ್ತಕಕ್ಕೆ ಅಂತ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಬಾಬಾಸಾಹೇಬರೇ ಇದನ್ನು ಹೇಳಿಕೊಂಡಿದ್ದಾರೆ. ಇದನ್ನು ಓದಿದಾಗ ನಮಗೆ ಎಷ್ಟು ಸಮಾಧಾನ ಆಯ್ತು ಅಂದರೆ ಹೇಳತೀರದು. ಚಿಕ್ಕಂದಿನಲ್ಲಿ ಹೊಟ್ಟೆ ಕಲಸಿದ್ದು ರೋಗ ಅಲ್ಲ ಅಂತ ಆಗ ಗೊತ್ತಾಯ್ತು.

ಹಾಗಾದರೆ ಅತ್ತವರೆಲ್ಲ ಮೋಸಗಾರರಾ? ನಾವೂ ಬಹಳ ದಿನ ಹಾಗೇ ತಿಳಿದಿದ್ದೆವು. ಅಜ್ಜಿಯ ಮೇಲೂ ಕೋಪ ಇತ್ತು. ಎಲ್ಲಾ ಬಿಟ್ಟು ಇವಳೂ ರಾಜನಿಗೋಸ್ಕರ ಅತ್ತಳಲ್ಲ ಅಂತ. ಸಾಯೋಕೆ ಮುಂಚೆ ಒಂದು ದಿನ ಕೇಳಿದೆವು. ಅಜ್ಜಿ ಅಂದಳು: ‘ರಾಜನ್ನ ಯಾರು ನೋಡಿದ್ರು? ಆ ತಾಯಿ ಕೂಸಿನ ಹೆಣ ತಬ್ಬಿಕೊಂಡು ಕಾಸಿಲ್ಲ ಅಂತ ಬೇಡ್ಕೊಳ್ತಿದ್ಲಲ್ಲ, ಅದ ನೋಡಿ ಅತ್ತೆ. ನಿಮ್ಮಪ್ಪನಿಗಿಂತ ಮುಂಚೆ ನಂಗೆ ಎರಡು ಹುಟ್ಟಿದ್ವು. ಎರಡನೇದಕ್ಕೆ ಬಟ್ಟೆಗೂ ಕಾಸಿರ್ನಿಲ್ಲ, ನನ್ನ ಸೆರಗ ಹರಿದು ಸುತ್ತಿದ್ದು.’ ನಾವು ತಲೆ ತಗ್ಗಿಸಿದೆವು. ಅಜ್ಜಿ ನಮಗಿಂತ ಸರಿಯಾಗಿ ಸಿನಿಮಾ ನೋಡಿದ್ದಳು. ಆದ್ದರಿಂದ ಆ ಚಿತ್ರ ಸುಟ್ಟುಹಾಕಿ, ನೋಡಬೇಡಿ ಅಂತ ನಾವು ಹೇಳೋದಿಲ್ಲ. ನೋಡಿ. ಆದರೆ ಚಿತ್ರ ಮುಗಿದ ಮೇಲೆ ಒಂದು ಮಾತು ಕೇಳಿ. ರಾಜನಿಗೆ ದೇವರು ಪ್ರತ್ಯಕ್ಷ ಆದ, ಮಗ ಎದ್ದು ಕೂತ, ಸಂಸಾರ ಅಯೋಧ್ಯೆಗೆ ಹೊರಟಿತು. ಮಾರನೇ ಬೆಳಿಗ್ಗೆ ಆ ಘಾಟಿಗೆ ಇನ್ನೊಂದು ಹೆಣ ಬಂತು. ಅದನ್ನು ಸುಟ್ಟವರು 누ಯಾರು?

ನಮ್ಮೂರಿನಲ್ಲಿ ಸುಟ್ಟವರು, ಹೂತವರು ಯಾರು ಅಂತ ನಮಗೆ ಗೊತ್ತು. ಊರಿನಲ್ಲಿ ಸಾವಾದರೆ ಮೊದಲು ಸುದ್ದಿ ಬರೋದು ಕೇರಿಗೆ. ಒಬ್ಬ ಹತ್ತೂರು ನಡೆದು ನೆಂಟರಿಗೆ ಸುದ್ದಿ ಹೇಳಬೇಕು. ಇಬ್ಬರು ಗುಂಡಿ ತೋಡಬೇಕು. ನಾಲ್ಕು ಜನ ತಮಟೆ ಬಡಿಯಬೇಕು. ಕೂಲಿ ಅಂದರೆ ಒಂದು ಮೊರ ರಾಗಿ, ಪುಡಿಗಾಸು, ಹೆಣದ ಮೇಲಿನ ಬಟ್ಟೆ. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳೆಲ್ಲ ರದ್ದಾದವು. ಗುಂಡಿ ತೋಡೋದು ಯಾವ ಹುದ್ದೆಯೂ ಅಲ್ಲವಲ್ಲ, ಅದು ರದ್ದಾಗಲಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ಕೇರಿಯಲ್ಲಿ ಸಂಘದ ಬೋರ್ಡು ನಿಲ್ಲಿಸಿದೆವು. ಅದಾಗಿ ಎರಡು ತಿಂಗಳಿಗೆ ಊರಿನ ದೊಡ್ಡ ಮನೆಯಲ್ಲಿ ಒಂದು ಸಾವಾಯ್ತು. ಆಳು ಬಂದು ಅಪ್ಪನನ್ನು ಕರೆದ. ಅಪ್ಪ ಹೋಗಲಿಲ್ಲ. ಆಮೇಲೆ ಗೌಡರೇ ಕೇರಿಯ ಬಾಯಿಗೆ ಬಂದು ನಿಂತರು. ‘ಏನ್ಲಾ, ಸಂಘ ಸೇರ್ಬುಟ್ಟು ಹೆಣಾನೂ ಕೊಳೀಲಿ ಅಂತೀಯಾ?’ ಅಪ್ಪ ಎದ್ದು ನಿಂತ. ಹೆಗಲ ಮೇಲಿನ ಟವೆಲು ತೆಗೆಯಲಿಲ್ಲ. ಅದೇ ಮೊದಲ ಸಲ ತೆಗೆಯದೇ ಇದ್ದದ್ದು. ‘ಆಗಲ್ಲ ಬುದ್ಧಿ. ಹರಿಶ್ಚಂದ್ರನ್ನ ಕರೆಸಿ. ಅವನಿಗೆ ಬರುತ್ತೆ ಈ ಕೆಲಸ’ ಅಂದ.

ನಮಗೆ ಎದೆ ಝಲ್ ಅಂತು. ಆ ಟೆಂಟಿನ ರಾತ್ರಿಯಿಂದ ಅಪ್ಪ ಅದನ್ನು ಮರೆತಿರಲಿಲ್ಲ! ನಾವು ಅಂದುಕೊಂಡಿದ್ದು ಹೊಟ್ಟೆ ಕಲಸಿದ್ದು ನಮ್ಮೊಬ್ಬರಿಗೇ ಅಂತ.

ಆ ಮಾತಿಗೆ ಕೊಟ್ಟ ಬೆಲೆಯನ್ನೂ ಹೇಳಬೇಕು. ಮೂರು ತಿಂಗಳು ಕೇರಿಯವರಿಗೆ ಯಾರೂ ಕೂಲಿಗೆ ಕರೆಯಲಿಲ್ಲ. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಬಾವಿ ದಾರಿಗೆ ಮುಳ್ಳು ಹಾಕಿದರು. ಕೇರಿಯ ಒಳಗೇ ಕೆಲವರು ಅಪ್ಪನನ್ನು ಬೈದರು, ಇವನ ಒಂದು ಮಾತಿಗೆ ನಮ್ಮ ಮಕ್ಕಳು ಉಪವಾಸ ಅಂತ. ಅವರ ಬೈಗುಳ ಸುಳ್ಳಲ್ಲ. ಅವತ್ತು ಗೌಡರ ಮಕ್ಕಳೇ ಗುಂಡಿ ತೋಡಿದರು. ಅಭ್ಯಾಸ ಇಲ್ಲದ ಕೈ, ಗೋಡೆ ಕುಸಿದು ಎರಡು ಸಲ ತೋಡಿದರು. ಅಪ್ಪ ದೂರದ ಬದುವಿನ ಮೇಲೆ ಕೂತು ನೋಡ್ತಿದ್ದ. ‘ಅಗಲ ಸಾಲ್ದು, ಅಗಲ ಸಾಲ್ದು’ ಅಂತ ತನ್ನಷ್ಟಕ್ಕೆ ಗೊಣಗ್ತಿದ್ದ. ಕೆಲಸ ಬಲ್ಲವನು ನೋಡಿ.

ಈಗ ಇತ್ತೀಚಿನ ಮಾತು. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂದಾಗ ಬೆಂಗಳೂರಿನ ಸ್ಮಶಾನಗಳಲ್ಲಿ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತದ್ದನ್ನು ಟಿವಿಯಲ್ಲಿ ನೀವೂ ನೋಡಿದ್ದೀರಿ. ಹೆತ್ತ ಮಕ್ಕಳೇ ಹತ್ತಿರ ಹೋಗದ ಹೆಣಗಳನ್ನು ಹಗಲೂ ರಾತ್ರಿ ಸುಟ್ಟವರು ಯಾರು ಅಂತ ಬೇರೆ ಹೇಳಬೇಕಿಲ್ಲ. ಖಾಯಂ ಕೆಲಸ ಇಲ್ಲ, ಸರಿಯಾದ ಸಂಬಳ ಇಲ್ಲ ಅಂತ ಅವರು ಕೂಗಿಕೊಂಡರು. 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅವರನ್ನು ಕರೆದು ಮಾತಾಡಿಸಿ, ಕೆಲಸ ಖಾಯಂ ಮಾಡುವ ಭರವಸೆ ಕೊಟ್ಟರು. ಒಳ್ಳೆಯದೇ. ಜೊತೆಗೆ ಒಂದು ಹೆಸರನ್ನೂ ಕೊಟ್ಟರು. ಸ್ಮಶಾನದ ಕೆಲಸಗಾರರನ್ನು ಇನ್ನು ಮುಂದೆ ‘ಸತ್ಯ ಹರಿಶ್ಚಂದ್ರ ಬಳಗ’ ಅಂತ ಕರೆಯೋದು.

ಗೌರವಕ್ಕೇ ಕೊಟ್ಟಿದ್ದು, ಕೆಟ್ಟ ಉದ್ದೇಶ ಅಂತ ನಾವು ಹೇಳೋಲ್ಲ. ಆದರೆ ನೋಡಿ, ಸುಡುಗಾಡಿನ ಒಡೆಯ ಯಾರು? ವೀರಬಾಹು. ತಲೆಮಾರಿನಿಂದ ಅಲ್ಲೇ ಇದ್ದವನು, ರಾಜ ಹೋದ ಮೇಲೂ ಉಳಿದವನು. ಹರಿಶ್ಚಂದ್ರ ಅಲ್ಲಿಗೆ ಬಂದು ಹೋದ ಆಳು. ಕಾಶಿಯ ಘಾಟಿಗೂ ಹರಿಶ್ಚಂದ್ರನ ಹೆಸರು, ಬೆಂಗಳೂರಿನ ಶ್ರೀರಾಮಪುರದ ಸ್ಮಶಾನಕ್ಕೂ ಹರಿಶ್ಚಂದ್ರ ಘಾಟ್ ಅಂತಲೇ ಹೆಸರು. ಈಗ ಕೆಲಸಗಾರರಿಗೂ ಅದೇ ಹೆಸರು. ವೀರಬಾಹು ಇನ್ನೂ ಪರದೆ ಹಿಂದೆಯೇ ನಿಂತಿದ್ದಾನೆ.

ಈ ಸುದ್ದಿಯನ್ನು ಪೇಪರಿನಲ್ಲಿ ಓದಿ ಅಪ್ಪನಿಗೆ ಹೇಳಿದೆವು. ಅಪ್ಪನಿಗೆ ಆಗ ಎಂಬತ್ತು ದಾಟಿತ್ತು, ಕಿವಿ ಮಂದ. ಎರಡು ಸಲ ಜೋರಾಗಿ ಹೇಳಬೇಕಾಯ್ತು. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಂಬಳ ಎಷ್ಟಂತೆ?’ ಅಂದ.

ನಾಟಕ ಬೇಡ ಅಂತ ನಾವು ಹೇಳೋಕೆ ಬಂದಿಲ್ಲ. ವಾರ್ಡನ್ನರ ಹತ್ತಿರ ಮಾತಾಡಿದ್ದೇವೆ, ಆಡಿ ಅಂದಿದ್ದಾರೆ. ಆ ಇಬ್ಬರು ಹುಡುಗಿಯರ ವಾದದ ಭಾಗವನ್ನು ಸೇರಿಸಿಕೊಳ್ಳಿ. ಹೆಣ್ಣುಮಕ್ಕಳ ಹಾಸ್ಟೆಲಿನ ಇಬ್ಬರು ಈಗಾಗಲೇ ಒಪ್ಪಿದ್ದಾರೆ. ಪುಸ್ತಕ ನಾವು ತಂದುಕೊಡ್ತೇವೆ. ಪರದೆ ಇಲ್ಲದೆ ಆಡಿ, ಊಟದ ಹಾಲಿನ ನಡುವೆಯೇ ಆಡಿ. ಮೊದಲ ಓದು ನಾಳೆ ಸಂಜೆ ಆರಕ್ಕೆ. ವೀರಬಾಹು ಪಾತ್ರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.